ಸುಂದರಾಬಾಯಿಯ ಉಪವಾಸ

ನಲವತ್ತೆರಡರ ಚಳವಳಿಯಲ್ಲಿ ಲಾಠಿ ತಿಂದ ನಮ್ಮಂಥವರ ತಲೆ ಹೊಲಿದವಳು ಹುಕ್ಕೇರಿಯ ನರ್ಸ್ ಸುಂದರಾಬಾಯಿ. ಜೈನರ ಮನೆಯ ಬಾಲವಿಧವೆ. ಮಿರಜಿನಲ್ಲಿ ಕೆಲಸ ಕಲಿತು ಬಂದವಳು. ಸೂಜಿ ಚುಚ್ಚುವಾಗ ಒದರಿದರೆ, "ಪೊಲೀಸರ ಮುಂದ ಇಷ್ಟ ಒದರಿದ್ರ ಸ್ವರಾಜ್ಯ ಬಂದಿರತಿತ್ತು" ಎನ್ನುತ್ತಿದ್ದಳು. ಅಂಥ ಗಟ್ಟಿ ಹೆಣ್ಣು ಮರುವರ್ಷ ಕೂಳು ಬಿಟ್ಟಳು.

ಮಮದಾಪುರದಲ್ಲಿ ಕಾಲರಾ ಬಿದ್ದಿತ್ತು. ಊರ ಹೊರಗೆ ತಟ್ಟಿಯ ಗುಡಿಸಲು ಕಟ್ಟಿ ರೋಗಿಗಳನ್ನು ಮಲಗಿಸಿದ್ದರು. ಮನೆಮಂದಿಯನ್ನು ಒಳಗೆ ಬಿಡುತ್ತಿರಲಿಲ್ಲ. ಹೇಲು ಬಳಿಯುವವಳೂ, ನೀರು ಕುಡಿಸುವವಳೂ, ಸತ್ತವರ ಕಣ್ಣು ಮುಚ್ಚುವವಳೂ ಸುಂದರಾಬಾಯಿಯೇ. ಕುರುಬರ ಸತ್ತೆವ್ವನ ಸಣ್ಣ ಮಗಳು ಯಲ್ಲವ್ವ ಇವಳ ಸೆರಗು ಹಿಡಿದೇ ಸತ್ತಳು. ಬೆರಳು ಬಿಡಿಸಿ ಸೆರಗು ತೆಗೆಯಬೇಕಾಯಿತು.

ರೋಗ ಇಳಿದ ಮೇಲೆ ಹುಕ್ಕೇರಿಗೆ, ಅಣ್ಣ ಜಿನಪ್ಪನ ಮನೆಗೆ ಬಂದಳು. ಅಣ್ಣನ ಹೆಂಡತಿ, ವೈನಿ ಪದ್ಮವ್ವ ಅಕ್ಕಿ ಗಂಜಿ ತಂದಿಟ್ಟಳು. ಕಾಲರಾ ರೋಗಿಯ ಭೇದಿ ನೋಡಿದವರಿಗೆ ಗೊತ್ತು, ಅದೂ ಅಕ್ಕಿ ತೊಳೆದ ನೀರಿನ ಹಾಗೇ ಇರುತ್ತದೆ. ಸುಂದರಾಬಾಯಿ ಬಟ್ಟಲು ಸರಿಸಿದಳು. ರೊಟ್ಟಿ ಇಟ್ಟರೂ ಗಂಟಲಲ್ಲಿ ಇಳಿಯಲಿಲ್ಲ. ಬರಬರುತ್ತ ಮಾತೂ ನಿಂತಿತು.

ಬೇರೆ ಓಣಿಯಾಗಿದ್ದರೆ ದೆವ್ವ ಬಡಿದಿದೆ ಎಂದು ಬೇವಿನ ಸೊಪ್ಪು ಹಿಡಿಯುತ್ತಿದ್ದರು. ಜೈನರ ಓಣಿ ಇದನ್ನು ಉಪವಾಸ, ಮೌನವ್ರತ ಎಂದು ತಿಳಿಯಿತು. ಹೆಂಗಸರು ಬಂದು ಕಾಲು ಮುಟ್ಟಿದರು. ಜಿನಪ್ಪನ ಎದೆ ಉಬ್ಬಿತು. ಉಪವಾಸ ಬಿಡಿಸುವ ಪಾರಣೆಯ ದಿನ ಬಸದಿಯವರೆಗೆ ಮೆರವಣಿಗೆ ಎಂದು ಬಾಜಾದವರಿಗೂ ಹೇಳಿಬಿಟ್ಟ. ಇತ್ತ ಅವಳ ಕಣ್ಣು ಗುಳಿ ಬಿದ್ದಿದ್ದವು. ಸಾಯುತ್ತಿದ್ದವಳಿಗೆ ಕೈಮುಗಿಯುವವರು ಬಂದರೇ ಹೊರತು, ನಿನಗೇನಾಗಿದೆ ಎಂದು ಕೇಳುವವರು ಬರಲಿಲ್ಲ.

ಸಂತೆಗೆ ಕಂಬಳಿ ಮಾರಲು ಬಂದಿದ್ದ ಸತ್ತೆವ್ವ ಸುದ್ದಿ ಕೇಳಿ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು.

"ಇದು ಯಾವ ವ್ರತಾನೂ ಅಲ್ರಿ ಯಜಮಾನ್ರ. ಮರಿ ಸತ್ತ ಕುರಿ ಹಿಂಗ ಮೇವು ಬಿಡತೈತಿ."

"ನನ್ನ ತಂಗೀನ ಕುರಿಗೆ ಹೋಲಸ್ತಿಯೇನ?" ಎಂದು ಜಿನಪ್ಪ ಸಿಡುಕಿದ.

ಅವನನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಪಡಸಾಲೆಯಲ್ಲಿ ಸುಂದರಾಬಾಯಿಯ ಎದುರು ಕುಕ್ಕರಿಸಿದಳು. "ಬಾಯಾರ, ನನ್ನ ಮಗಳು ಕಡೀಕ ಏನಂದ್ಲ್ರಿ?"

ಅಷ್ಟು ದಿನದ ಮೇಲೆ ಸುಂದರಾಬಾಯಿಯ ಬಾಯಿ ಬಿಚ್ಚಿತು. "ಅವ್ವ ಬಂದ್ಲೇನು ಅಂದ್ಲು. ನಾನ ನಿನ್ನವ್ವ, ಬಂದೇನಿ ಅಂತ ಸುಳ್ಳ ಹೇಳಿದೆ. ನಿನ್ನ ಜಾಗಾ ಕದ್ದೆ, ಸತ್ತೆವ್ವಾ."

ಸತ್ತೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಂಗಾದ್ರ ನನ್ನ ಕೂಸು ಅವ್ವನ ಕೈಯಾಗ ಸತ್ತೈತಿ ಬಿಡ್ರಿ. ಒಬ್ಬಾಕಿನ ಸತ್ಲು ಅಂತ ತಿಳಕೊಂಡಿದ್ನಿ ನಾ."

ಆಗ ಸುಂದರಾಬಾಯಿ ಅತ್ತಳು. ತಟ್ಟಿಯಲ್ಲಿ ಸತ್ತ ಒಬ್ಬೊಬ್ಬರ ಹೆಸರು ಹಿಡಿದು, ಸತ್ತವರ ಮನೆಯ ಹೆಂಗಸರು ಅಳುವ ಹಾಗೆ ದನಿ ತೆಗೆದು ಅತ್ತಳು. ಕಾಲು ಮುಟ್ಟಲು ಬಂದಿದ್ದವರು ಮೆಲ್ಲಗೆ ಜಾಗ ಬಿಟ್ಟರು. ಹೊತ್ತು ಮುಳುಗುವ ಮೊದಲು, "ವೈನಿ, ಗಂಜಿ ಬ್ಯಾಡ. ರೊಟ್ಟಿ ಕೊಡ್ರಿ" ಎಂದಳು. ಅರ್ಧ ರೊಟ್ಟಿ ಇಳಿಯಿತು. ಜಿನಪ್ಪ ಮುಖ ಗಂಟಿಕ್ಕಿಕೊಂಡು ಬಾಜಾದವರನ್ನು ಬೇಡವೆನ್ನಲು ಹೋದ.

ಅವಳು ಮತ್ತೆ ಕೆಲಸಕ್ಕೆ ಹೋದಳು. ಯಾವ ಊರಲ್ಲಿ ರೋಗ ಬಿದ್ದರೂ ಹೋದಳು. ಆದರೆ ತಿರುಗಿ ಬರುವಾಗ ಮೊದಲು ಸತ್ತೆವ್ವನ ಅಂಗಳದಲ್ಲಿ ಕುಳಿತು, ಹೇಳುವುದನ್ನೆಲ್ಲ ಹೇಳಿ, ಅಳುವಷ್ಟು ಅತ್ತು, ಆಮೇಲೆ ಮನೆ ಸೇರುತ್ತಿದ್ದಳು. ಗಂಜಿ, ಅನ್ನ ಮಾತ್ರ ಸಾಯುವತನಕ ಮುಟ್ಟಲಿಲ್ಲ.