ಲ್ಯಾಬಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಇವತ್ತು ಚಿಕ್ಕಬಳ್ಳಾಪುರದಲ್ಲಿ ಮೊಮ್ಮಗಳ ಮಾನ ಕಳೆದು ಬಂದೆ, ಕೇಳಿ. ಅವಳಿಗೆ ಕಂಪ್ಯೂಟರ್ ಡಿಗ್ರಿಯ ಮೊದಲ ದಿನ. ಮನೆಯವರಿಗೂ ಲ್ಯಾಬ್ ತೋರಿಸುತ್ತೇವೆಂದು ಮೇಷ್ಟ್ರು ಕರೆದೊಯ್ದರು. ಬಾಗಿಲಲ್ಲಿ ನಾನು ಚಪ್ಪಲಿ ಬಿಟ್ಟೆ.

"ಅಜ್ಜೀ, ಹಾಕ್ಕೊಳಜ್ಜಿ! ಎಲ್ಲಾ ನೋಡ್ತಾವ್ರೆ" ಎಂದು ಸಹನಾ ಸೆರಗು ಜಗ್ಗಿದಳು. ಅಷ್ಟರಲ್ಲಿ ನನ್ನ ಹಿಂದಿದ್ದ ಚಿಂತಾಮಣಿ ಕಡೆಯ ರೈತರೊಬ್ಬರೂ ಬಿಟ್ಟರು. ಅವರನ್ನು ನೋಡಿ ಮಿಕ್ಕವರೂ ಬಿಟ್ಟರು. "ಅಯ್ಯೋ, ಅದೆಲ್ಲಾ ಬೇಕಾಗಿಲ್ಲಮ್ಮಾ" ಎನ್ನುತ್ತಾ ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು.

ನಾನೂ ಅರವತ್ತರ ದಶಕದಲ್ಲಿ ತೊಂಡೇಬಾವಿಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಈ ಕಂಪ್ಯೂಟರನ್ನೇ ಕಲಿತವಳು. ಆಗ ಯಂತ್ರದ ತಣ್ಣನೆಯ ಕೋಣೆಗೆ ಧೂಳು ಹೋಗಬಾರದೆಂದು ಚಪ್ಪಲಿ ಹೊರಗೇ ಬಿಡಬೇಕಿತ್ತು. ಊರಿನ ಕೆಮ್ಮಣ್ಣು ಮೆತ್ತಿದ ಪಾದ ಒರೆಸಿಕೊಂಡು, ಗೋಡೆಗಂಟಿ ನಿಂತು ದೂರದಿಂದ ನೋಡುತ್ತಿದ್ದೆವು. ನಾವು ಬರೆದುಕೊಟ್ಟ ಪ್ರೋಗ್ರಾಮನ್ನು ಆಪರೇಟರು ಯಂತ್ರಕ್ಕೆ ಉಣಿಸುತ್ತಿದ್ದರು. ಮಾರನೆಯ ದಿನ ಕಾಗದ ವಾಪಸು ಬರುತ್ತಿತ್ತು: ಎಲ್ಲೋ ಒಂದು ಕಾಮಾ ಬಿಟ್ಟಿದ್ದೀರಿ. ಮತ್ತೆ ಮೊದಲಿನಿಂದ! ಓದು ಮುಗಿಯುವವರೆಗೂ ಆ ಯಂತ್ರವನ್ನು ಮುಟ್ಟಲು ಮಾತ್ರ ಬಿಡಲಿಲ್ಲ.

ಇದನ್ನೆಲ್ಲ ಸಹನಾಳ ಕಿವಿಯಲ್ಲಿ ಹೇಳಿದೆ. ಅವಳ ಸಿಟ್ಟು ಎಲ್ಲಿ ಹೋಯಿತೋ, ಕೈಹಿಡಿದು ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕೂರಿಸಿದಳು. "ಮುಟ್ಟಜ್ಜಿ, ಯಾರೂ ಬೈಯಲ್ಲ."

ದಿನವಿಡೀ ಫೋನಿನ ಮೇಲೆ ಬೆರಳಾಡಿಸುವವಳೇ ನಾನು. ಆದರೂ ಅಲ್ಲಿ ಬರಿಗಾಲಲ್ಲಿ ಕೂತು, ಬೆರಳನ್ನು ಸೆರಗಿಗೆ ಒರೆಸಿಕೊಂಡೇ ನನ್ನ ಹೆಸರು ಒತ್ತಿದೆ.

ಥಿಯರಿ ಅರವತ್ತರ ದಶಕದಲ್ಲೇ ಮುಗಿದಿತ್ತು. ಪ್ರಾಕ್ಟಿಕಲ್ ಇವತ್ತಾಯಿತು.