ಏಳುವಾಗ ಹೇಳಿದ ಮಾತು

ಯಜಮಾನನಿಲ್ಲದೆ, ತಿಂಗಳ ಸಂಬಳವಿಲ್ಲದೆ, ತನ್ನ ಕೆಲಸ ತಾನೇ ಹುಡುಕಿಕೊಂಡು ಬದುಕುವವರಿಗೆ ಬುದ್ಧಿ ಹೇಳುವ ಪುಸ್ತಕಗಳು ಈಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತವೆ. ಅವುಗಳಿಂದ ಏನಾದರೂ ಪ್ರಯೋಜನ ಉಂಟೇ ಎಂದು ಯಾರಾದರೂ ಕೇಳಿದರೆ ಉಂಟು ಎಂದೇ ಹೇಳುತ್ತೇನೆ. ಅಂಥ ಒಂದನ್ನು ಓದಿ ನಾನು ಕೆಟ್ಟೆ, ಅದು ಬೇರೆ ಮಾತು. ಪುಸ್ತಕ ಕೆಟ್ಟದ್ದಾಗಿರಲಿಲ್ಲ. ಓದಿದವನಿಗೆ ಇಪ್ಪತ್ತನಾಲ್ಕು ವರ್ಷ, ಜೊತೆಗೆ ಅವಸರ.

ಐವತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕೂತು ನಾನು ಅರ್ಜಿ ಬರೆಯುತ್ತಿದ್ದೆ. ಸರ್ಕಾರದ ನೌಕರನಲ್ಲ. ಅಮಲ್ದಾರರು ಕೂರಲು ಅಪ್ಪಣೆ ಕೊಟ್ಟಿದ್ದರು, ಕೂತಿದ್ದೆ. ಏಳು ಎಂದರೆ ಏಳಬೇಕು. ಒಂದು ಚಾಪೆ, ಒಂದು ಮರದ ಪೆಟ್ಟಿಗೆ, ಟಾಕಿನ ಲೇಖನಿ, ಮಸಿ, ಹೆಬ್ಬೆಟ್ಟು ಒರೆಸಿಕೊಳ್ಳಲು ಒಂದು ಬಟ್ಟೆ ತುಂಡು, ಇಷ್ಟೇ ನನ್ನ ಆಸ್ತಿ. ಸೊರಬದ ಸಂತೆಯ ದಿನ ಅದನ್ನೆಲ್ಲ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆ. ಅಲ್ಲೂ ಒಂದು ಜಗಲಿ ಇತ್ತು.

ಶಿಕಾರಿಪುರದಲ್ಲಿ ಪಕ್ಕದ ಚಾಪೆಯ ಮೇಲೆ ಒಬ್ಬ ಮುದುಕರು ಕೂರುತ್ತಿದ್ದರು. ಅವರ ಕೆಲಸದ ರೀತಿ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಬಂದವನು ಹೇಳಿದ್ದನ್ನೆಲ್ಲ ಕೇಳುವರು. ಬರೆಯುವರು. ಬರೆದದ್ದನ್ನು ಗಟ್ಟಿಯಾಗಿ ಓದುವರು. ಆಮೇಲೆ "ಹೋಗಿ ಚಾ ಕುಡಕಂಡು ಬರ್ರಿ" ಎಂದು ಎಬ್ಬಿಸಿ ಕಳಿಸುವರು. ಅವನು ತಿರುಗಿ ಬಂದಮೇಲೆ ಇನ್ನೊಂದು ಸಲ ಓದುವರು. ಹೆಬ್ಬೆಟ್ಟು ಬೀಳುವುದು ಅದಾದಮೇಲೆ. ಹೀಗಾದರೆ ದಿನಕ್ಕೆ ಎಷ್ಟು ಅರ್ಜಿ ಆದೀತು? ಒಂದು ದಿನ ಕೇಳಿಯೇ ಬಿಟ್ಟೆ.

"ನಮ್ಮ ಮಂದಿ ಖರೇ ಮಾತನ್ನ ಏಳುವಾಗ ಹೇಳ್ತಾರ," ಅಂದರು. "ಅದಕ್ಕ ನಾನು ಎರಡು ಸಲ ಏಳಿಸ್ತೀನಿ."

ಮುದುಕರ ಅರಳುಮರಳು ಅಂದುಕೊಂಡೆ.

ಪುಸ್ತಕ ಸಿಕ್ಕಿದ್ದು ಸೊರಬದಿಂದ ವಾಪಸು ಬರುವ ಬಸ್ಸಿನ ಸೀಟಿನ ಮೇಲೆ. ಕಂಡಕ್ಟರರನ್ನು ಕೇಳಿದರೆ "ಯಾರೋ ಬಿಟ್ಟು ಇಳದಾರ, ಇಟ್ಕಳ್ರಿ" ಅಂದರು. ರಟ್ಟು ಹರಿದಿತ್ತು, ಮೊದಲ ಹಾಳೆಗಳಿರಲಿಲ್ಲ, ಹೀಗಾಗಿ ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸ್ವಂತ ಕಸುಬಿನವನು ಹೇಗೆ ಮೇಲೆ ಬರಬೇಕು ಎಂಬುದು ಅದರ ವಿಷಯ. ಗಿರಾಕಿಯನ್ನು ನಗುಮುಖದಿಂದ ಬರಮಾಡಿಕೊಳ್ಳಬೇಕು ಎಂದಿತ್ತು. ಮರುದಿನವೇ ನಕ್ಕೆ. ಎದುರಿಗೆ ಕೂತವನು ನನ್ನನ್ನೇ ನೋಡಿದ. "ನಮ್ಮಪ್ಪ ಸತ್ತಾನ್ರಿ. ನಗಾಕ ಏನೈತಿ?" ಎಂದು ಎದ್ದು ಮುದುಕರ ಚಾಪೆಗೆ ಹೋದ. ಜಗಲಿಗೆ ಬರುವವರಲ್ಲಿ ಅರ್ಧ ಜನ ಮನೆಯಲ್ಲಿ ಯಾರೋ ಸತ್ತ ಕಾರಣಕ್ಕೇ ಬರುತ್ತಾರೆಂಬುದು ನನಗೆ ಹೊಳೆದಿರಲಿಲ್ಲ.

ಆದರೆ ಇನ್ನೊಂದು ಪಾಠ ಮನಸ್ಸಿಗೆ ನಾಟಿತು. ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸವನ್ನು ದಿನಾ ಮಾಡುವವನು ದಡ್ಡ ಎಂದಿತ್ತು. ನೋಡಿದರೆ ನನ್ನ ಅರ್ಜಿಗಳೆಲ್ಲ ಒಂದೇ ಅಚ್ಚಿನವು. ಅದರಲ್ಲೂ ಪೌತಿ ಖಾತೆಯವು, ಅಂದರೆ ಸತ್ತವರ ಹೆಸರು ತೆಗೆದು ಜಮೀನನ್ನು ಬದುಕಿರುವವರ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿಗಳು, ಅಕ್ಷರ ಅಕ್ಷರ ಒಂದೇ. ಬೆಳಿಗ್ಗೆ ಮನೆಯಲ್ಲೇ ಕೂತು ಹತ್ತು ಹನ್ನೆರಡು ಬರೆದಿಡತೊಡಗಿದೆ. ಹೆಸರು, ಊರು, ಸರ್ವೆ ನಂಬರಿನ ಜಾಗ ಮಾತ್ರ ಖಾಲಿ. ಕೊನೆಯಲ್ಲಿ "ಮೃತರಿಗೆ ನನ್ನ ಹೊರತು ಬೇರೆ ವಾರಸುದಾರರು ಇರುವುದಿಲ್ಲ" ಎಂಬ ಸಾಲು. ಜಗಲಿಯಲ್ಲಿ ಖಾಲಿ ತುಂಬಿಸುವುದು, ಹೆಬ್ಬೆಟ್ಟು ಒತ್ತಿಸುವುದು. ಓದಿ ಹೇಳುವುದನ್ನು ಬಿಟ್ಟೇ ಬಿಟ್ಟೆ. ನನ್ನ ಮುಂದೆ ಸಾಲು ನಿಲ್ಲತೊಡಗಿತು. ಸುಳ್ಳೇಕೆ, ಬೀಗುತ್ತಿದ್ದೆ.

ಒಂದು ದಿನ ಆನವಟ್ಟಿಗೆ ಹೋಗುವ ದಾರಿಯ, ನಮ್ಮ ತಾಲ್ಲೂಕಿನ ಗಡಿಯ ಒಂದು ಹಳ್ಳಿಯಿಂದ ನಲವತ್ತರ ಆಸುಪಾಸಿನ ರೈತರೊಬ್ಬರು ಬಂದರು. ಜಮೀನು ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿತ್ತು. ತಂದೆ ಬಾವಿ ತೋಡಿಸಿದ್ದರಿಂದ ಕಥೆ ಶುರುಮಾಡಿದರು. ಎತ್ತಿನ ಜೋಡಿ ಬಂತು, ತಮ್ಮನ ಮದುವೆ ಬಂತು, ಹಿಂದಿನ ವರ್ಷ ತಮ್ಮ ಜ್ವರದಲ್ಲಿ ಸತ್ತದ್ದೂ ಬಂದಿರಬೇಕು. ನಾನು ಊರು ಮತ್ತು ಸರ್ವೆ ನಂಬರು ಬರೆದುಕೊಂಡಮೇಲೆ ಕೇಳುವುದನ್ನು ನಿಲ್ಲಿಸಿದ್ದೆ. ಅವರು ಹೆಬ್ಬೆಟ್ಟು ಒತ್ತಿ, ಬಟ್ಟೆಗೆ ಒರೆಸಿ, ಎದ್ದು ನಿಂತು ಟವೆಲ್ಲು ಹೆಗಲಿಗೆ ಹಾಕಿಕೊಂಡರು.

"ತಮ್ಮನ ಹೆಂಡ್ತಿ ಹೆಸರೂ ನನ್ನ ಹೆಸರಿನ ಜೋಡಿ ಬರ್ಬೇಕ್ರಿ. ಊರಾಗ ಬ್ಯಾಡ ಅಂತಾರ, ಆದ್ರ ಆಕಿ ಪಾಲು ಆಕಿಗೆ. ಅದನ್ನೂ ಹಾಕೀರಲ್ರಿ?"

"ಎಲ್ಲಾ ಹಾಕೈತಿ, ಹೋಗ್ರಿ," ಅಂದೆ. ತಲೆ ಎತ್ತಲಿಲ್ಲ. ಮುಂದಿನವರು ಆಗಲೇ ಕೂತಾಗಿತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ. ಅರ್ಜಿ ಕಚೇರಿಯೊಳಗೆ ಹೋಗಿ, ತಕರಾರು ಇದ್ದರೆ ಹೇಳಿ ಎಂಬ ನೋಟೀಸಾಗಿ ಅವರ ಊರಿಗೆ ಬಂತು. ಊರ ಚಾವಡಿಯಲ್ಲಿ ಶಾನುಭೋಗರು ಅದನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿದರು. ನಾನು ಜಗಲಿಯಲ್ಲಿ ಬಿಟ್ಟ ಓದು ಅಲ್ಲಿ ನಡೆಯಿತು. ಬೇರೆ ವಾರಸುದಾರರು ಇರುವುದಿಲ್ಲ ಎಂಬ ಮಾತನ್ನು ತಮ್ಮನ ಹೆಂಡತಿ ಅಲ್ಲೇ ನಿಂತು ಕೇಳಿದಳು. ಗಂಡ ಸತ್ತಮೇಲೂ ಆಕೆ ಭಾವನ ಮನೆಯಲ್ಲೇ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದವಳು. ಅಣ್ಣನಾದವನು ಸಾವಿರ ಹೇಳಿದರೂ ಊರು ನಂಬಲಿಲ್ಲ. ಹೆಬ್ಬೆಟ್ಟು ಅವರದೇ ತಾನೆ?

ಆ ರೈತರೇ ಅಮಲ್ದಾರರ ಹತ್ತಿರ ಹೋಗಿ ತಪ್ಪಾಗಿದೆ ಎಂದು ಹೇಳಿಕೊಂಡರು. ವಿಚಾರಣೆಗೆ ನನ್ನನ್ನೂ ಕರೆದರು. ಆಕೆ ಸೆರಗು ಹೊದ್ದು ಬಾಗಿಲ ಬಳಿ ನಿಂತಿದ್ದಳು. ನಾನು ಕಂಬದ ಪಕ್ಕ.

"ಈಕೆಯ ಹೆಸರು ಸೇರಿಸಬೇಕು ಅಂತ ಅರ್ಜಿ ಬರೆದವನಿಗೆ ನೀನು ಹೇಳಿದ್ದೆಯೋ ಇಲ್ಲವೋ?" ಎಂದು ಅಮಲ್ದಾರರು ಕೇಳಿದರು. "ಹೇಳಿದ್ದರೆ ಇವನನ್ನು ಇವತ್ತೇ ಜಗಲಿಯಿಂದ ಎಬ್ಬಿಸ್ತೀನಿ."

ರೈತರು ನನ್ನ ಕಡೆ ನೋಡಿದರು. ಬಹಳ ಹೊತ್ತೇನಲ್ಲ.

"ಹೇಳಿದ್ದಿಲ್ಲ ಸ್ವಾಮಿ. ನಾನೇ ಮರತಿದ್ದೆ."

ಒಬ್ಬರ ಹೊಟ್ಟೆಯ ಮೇಲೆ ಹೊಡೆಯಬಾರದು ಎಂಬ ಜಾತಿಯ ಮನುಷ್ಯ. ಇಲ್ಲ, ಹೇಳಿದ್ದರು, ನಾನೇ ಬರೆಯಲಿಲ್ಲ ಎನ್ನಲು ನನಗೆ ನಾಲ್ಕು ಮಾತು ಸಾಕಿತ್ತು. ಬಾಯಿ ಬಿಡಲಿಲ್ಲ. ಬಾಗಿಲಿನಿಂದ ಆಕೆಯ ದನಿ ಕೇಳಿತು, "ಮರತಿದ್ರಂತ." ಯಾರಿಗೆ ಹೇಳಿದಳೋ. ಅದೇ ದಿನ ಎರಡೂ ಹೆಸರು ಹಾಕಿ ಹೊಸ ಅರ್ಜಿ ಬರೆದುಕೊಟ್ಟೆ. ಖಾತೆ ಸರಿಯಾಯಿತು. ಆಕೆ ಮಾತ್ರ ಆ ವಾರವೇ ಗಂಟು ಕಟ್ಟಿಕೊಂಡು ಸೊರಬದ ಕಡೆಯ ತವರಿಗೆ ಹೋದಳೆಂದು ಕೇಳಿದೆ. ಮೋಸ ಮಾಡಿದವನನ್ನಾದರೂ ಕ್ಷಮಿಸಬಹುದು, ನಾನೊಬ್ಬಳು ಇದ್ದೇನೆ ಎಂಬುದನ್ನೇ ಮರೆತವನ ಮನೆಯಲ್ಲಿ ಉಣ್ಣುವುದು ಹೇಗೆ ಎಂದಳಂತೆ.

ಬರೆದಿಟ್ಟ ಅರ್ಜಿಗಳನ್ನು ಒಲೆಗೆ ಹಾಕಿದೆ. ಪುಸ್ತಕವನ್ನು ಹಾಕಲಿಲ್ಲ. ಕೋಪ ಇಳಿದಮೇಲೆ ಉಳಿದ ಭಾಗ ಓದಿದೆ. ಗಿರಾಕಿಯ ಮಾತು ಪೂರ್ತಿ ಮುಗಿಯುವ ತನಕ ಕೆಲಸಕ್ಕೆ ಕೈ ಹಾಕಬೇಡ ಎಂದು ಅದರಲ್ಲೂ ಇತ್ತು, ನಾನು ಅಲ್ಲಿಯ ತನಕ ಹೋಗಿರಲಿಲ್ಲ. ತಪ್ಪಾದರೆ ಮೊದಲು ನೀನೇ ಒಪ್ಪಿಕೋ ಎಂದೂ ಇತ್ತು. ಇದನ್ನು ತಿಳಿಯಲು ಪುಸ್ತಕ ಬೇಕಾಗಿರಲಿಲ್ಲ. ನಾಳೆ ಹೋಗಿ ಹೇಳೋಣ, ಸುಗ್ಗಿ ಮುಗಿಯಲಿ ಎನ್ನುತ್ತ ಒಂದೂವರೆ ವರ್ಷ ತಳ್ಳಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೊಂದು ಸಂತೆಯ ದಿನ ಸೊರಬದ ಜಗಲಿಯಲ್ಲಿ ಹೆಂಗಸೊಬ್ಬಳು ಬಂದು ಕೂತಳು. ನೋಡಿದ ಕೂಡಲೇ ಗುರುತು ಹತ್ತಿತು. ಅವಳಿಗೆ ನನ್ನ ಗುರುತು ಹತ್ತಲಿಲ್ಲ, ಅವತ್ತು ಕಚೇರಿಯಲ್ಲಿ ಅವಳು ತಲೆ ಎತ್ತಿರಲಿಲ್ಲ. ಒಂದು ಅರ್ಜಿ ಬರೀಬೇಕಿತ್ತು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ತಾಯಿ, ನಿಮ್ಮ ಭಾವ ನಿಮ್ಮ ಹೆಸರು ಹೇಳಿದ್ರು. ಎದ್ದು ನಿಂತು ಹಾಕೀರಲ್ಲ ಅಂತ ಕೇಳಿದ್ರು. ನಾನು ಬರೀಲಿಲ್ಲ. ಅವತ್ತು ಕಚೇರ್ಯಾಗ ನನ್ನ ಉಳಿಸಾಕ ಮರತೆ ಅಂದ್ರು."

ಅವಳು ನನ್ನ ಮುಖವನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ದೀಪಾವಳಿಗೆ ಮುಂಚೆ ಹೋದ್ರು ಭಾವ," ಅಂದಳು. "ಹಾಸಿಗೆ ಹಿಡಿದಾಗ ಎರಡು ಸಲ ಹೇಳಿ ಕಳ್ಸಿದ್ರು, ಒಂದ್ಸಲ ಬಂದು ಹೋಗು ಅಂತ. ನಾನು ಹೋಗಲಿಲ್ಲ."

ಸಂತೆಯ ಗದ್ದಲ ನಡೆದೇ ಇತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವರ ಹೆಸರು ತೆಗೆದು ಅವರ ಮಕ್ಕಳ ಹೆಸರು ಹಾಕೋಕೆ ನನ್ನ ಒಪ್ಪಿಗೆ ಕಾಗದ ಬೇಕಂತೆ. ಬರೀರಿ, ಬಸ್ಸಿಗೆ ಹೊತ್ತಾತು."

ಹೊಸ ಹಾಳೆ ತೆಗೆದೆ. ಇಂಥ ಕಾಗದದ ಮೊದಲ ಸಾಲಿಗೆ ಮೃತರ ಹೆಸರು, ತಂದೆಯ ಹೆಸರು, ಊರು ಬೇಕು. ಒಂದೂವರೆ ವರ್ಷದಿಂದ ಮರೆಯದ ಆ ಮೂರನ್ನೂ ಅವಳನ್ನು ಕೇಳದೆಯೇ ಬರೆದೆ.