ಬಸಣ್ಣ ಕಾಕಾ ಹಂಚಿದ ಗುಳಿಗೆ

ಬಸಣ್ಣ ಕಾಕಾನ ಅಂಗಿ ಜೇಬು ಯಾವಾಗಲೂ ಉಬ್ಬಿರುತ್ತಿತ್ತು. ಒಳಗೆ ನೋವಿನ ಗುಳಿಗೆ. ಬೆಳಿಗ್ಗೆ ಸಾನಪಾಡಾ ಹತ್ತಿರದ ಗೋದಾಮಿನ ಮುಂದೆ ಚಹಾ ಕುಡಿಯುವಾಗ ನಮ್ಮ ಹಮಾಲರಿಗೆಲ್ಲ ಒಂದೊಂದು ಕೊಡುತ್ತಿದ್ದ, ತೀರ್ಥ ಕೊಟ್ಟಂತೆ.

"ನುಂಗ್ರಲೇ. ಬೆನ್ನ ಸಂಜೀತನಾ ಬಾಯಿ ತೆಗಿಯಂಗಿಲ್ಲ."

ವಿಜಯಪುರದ ಕಡೆಯವನು, ನಮ್ಮ ತಂಡಕ್ಕೆ ಕೆಲಸ ಹಂಚುವ ಮುಕಾದಮ. ಯಾರಿಗಾದರೂ ಜ್ವರ ಬಂದರೆ ಅವನ ಪಾಲಿನ ಮೂಟೆ ತಾನೇ ಹೊರುತ್ತಿದ್ದ, ಬೈಯುತ್ತಲೇ. ಗುಳಿಗೆ ಎರಡು ಕೇಳಿದರೆ ಎರಡು ಕೊಡುತ್ತಿದ್ದ. ನೀರು ಮಾತ್ರ ಬೇಡ ಎನ್ನುತ್ತಿದ್ದ. ಲಾರಿ ಅರ್ಧ ತುಂಬಿದಾಗ ಉಚ್ಚೆಗೆ ಓಡಬಾರದಲ್ಲ. ಆರು ವರ್ಷ ನಾನೂ ಅವನ ಕೈಯಿಂದ ನುಂಗಿದೆ.

ಒಂದು ದಿನ ಅವನ ಮುಖ ಬಾತುಕೊಂಡಿತು. ಎರಡೂ ಕಿಡ್ನಿ ಹೋಗಿವೆ ಅಂದರು. ವಾರಕ್ಕೆ ಮೂರು ಸಲ ಐರೋಲಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬಿಡುವಾದಾಗ ನಾನು ಜೊತೆಗೆ ಹೋಗುತ್ತಿದ್ದೆ.

ಅಲ್ಲಿನ ಸಿಸ್ಟರ್ ಮಂಗಳೂರು ಕಡೆಯವರು. ಒಮ್ಮೆ ಹಾಸಿಗೆಗಳ ಸಾಲು ತೋರಿಸಿದರು.

"ಮುಂಚೆ ಇಲ್ಲಿಗೆ ಶುಗರಿನ ಅಜ್ಜಂದಿರೇ ಬರ್ತಿದ್ದದ್ದು. ಈಗ ನೋಡಿ, ಇಪ್ಪತ್ತೈದು, ಮೂವತ್ತರ ಹುಡುಗರು. ಎಂಥದು ತಿಂತೀರಿ ಮಾರಾಯ್ರೆ ನೀವು?"

ಕಾಕಾ ಜೇಬಿನಿಂದ ಹಳೇ ಗುಳಿಗೆ ತೆಗೆದು ತೋರಿಸಿದ. ಸಿಸ್ಟರ್ ನಗು ನಿಂತಿತು.

"ದಿನಾ ತಿಂತಿದ್ರಾ?"

"ಇಪ್ಪತ್ತು ವರ್ಷ ಆತ್ರಿ. ಇವರಿಗೂ ಕೊಟ್ಟೀನಿ."

"ಇದೇ ನಿಮ್ಮ ಕಿಡ್ನಿ ತೆಗೆದದ್ದು."

ಅವತ್ತು ಮನೆ ಮುಟ್ಟುವ ತನಕ ಕಾಕಾ ಯಾರನ್ನೂ ಬೈಯಲಿಲ್ಲ.

ಮಾರನೇ ದಿನ ರಿಕ್ಷಾ ಮಾಡಿಕೊಂಡು ಗೋದಾಮಿಗೆ ಬಂದ. ಚಹಾ ಕುಡಿಯುತ್ತಿದ್ದವರ ಕೈಯಿಂದ ಗುಳಿಗೆ ಕಿತ್ತ.

"ಉಗುಳ್ರಲೇ! ನಾನೇ ನಿಮಗ ವಿಷಾ ಹಾಕೀನಿ!"

ನಮ್ಮ ಶರಣು ನಕ್ಕ. "ಹಂಗಾರ ಮೂಟಿ ನೀ ಹೊರ್ತಿಯೇನ್ ಕಾಕಾ?"

ಕಾಕಾ ಮೂಟೆಗೆ ಕೈ ಹಾಕಿದ. ಎತ್ತಲು ಆಗಲಿಲ್ಲ. ಅಲ್ಲೇ ಕುಂತು ಅತ್ತ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಎಲ್ಲರೂ ಅಂಗಡಿಯಿಂದ ಬೇರೆ ಗುಳಿಗೆ ತಂದು ನುಂಗಿ ಕೆಲಸಕ್ಕೆ ಇಳಿದರು. ನಾನೂ ನುಂಗಿದೆ.

ಕೊನೆಯ ಸಲ ಆಸ್ಪತ್ರೆಯಲ್ಲಿ ಸಿಕ್ಕಾಗ ಬಾತುಕೊಂಡಿದ್ದ ನನ್ನ ಕಾಲು ನೋಡಿದ. ಹೆಬ್ಬೆರಳಿಂದ ಒತ್ತಿದ. ಬಿದ್ದ ಕುಳಿ ಮೇಲೇಳಲಿಲ್ಲ.

"ನಾಳೆ ರಕ್ತಾ ತಪಾಸಣಿಗೆ ಕೊಡು. ನನ್ನಾಣಿ ಐತಿ."

"ನಾಳೆ ಲಾರಿ ಐತಿ ಕಾಕಾ."

"ಲಾರಿ ಮನಿ ಹಾಳಾಗ್ಲಿ. ನೀ ಹೋಗೋ ಮಗನ."

ಹೋಗಿ ರಕ್ತ ಕೊಟ್ಟೆ, ಎಂಟು ದಿನ ತಡವಾಗಿ. ಅಷ್ಟರಲ್ಲಿ ಕಾಕಾ ಸತ್ತಿದ್ದ. ಹೆಣ ಊರಿಗೆ ಕಳಿಸಿದ ಮರುದಿನ ರಿಪೋರ್ಟ್ ಹಿಡಿದು ಆ ಸಿಸ್ಟರ್ ಹತ್ತಿರ ನಿಂತೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಕಾಕಾನ ಹಾಸಿಗೆಯಲ್ಲಿ ನನಗಿಂತ ಚಿಕ್ಕವನೊಬ್ಬ ಮಲಗಿದ್ದ. ಸಿಸ್ಟರ್ ಎರಡು ಸಲ ಓದಿದರು.

"ನಿಮ್ಮೊಟ್ಟಿಗೆ ಯಾರು ಬಂದಿದ್ದಾರೆ?"

ಯಾರೂ ಇಲ್ಲ ಅಂದೆ.